ಹಂದಿಮರಿಯ ಕರುಳಿನ ಕಾವಲು: ಹಂದಿ ಸಾಕುವವರ ಗುಂಪಿನಲ್ಲಿ ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಜಗಳೂರಿನ ಸದಸ್ಯರು: ಡಾಕ್ಟರೇ, ನಮಸ್ಕಾರ. ತಾಯಿಹಂದಿ ಬೇಗ ಬೆದೆಗೆ ಬರಲೆಂದು ಹನ್ನೊಂದು ಮರಿಗಳಿಗೆ 22ನೇ ದಿನಕ್ಕೇ ಹಾಲು ಬಿಡಿಸಿ ಮೆಕ್ಕೆಜೋಳದ ನುಚ್ಚು ಹಾಕಿದೆ. ಐದನೇ ದಿನ ನೀರಿನಂತೆ ಭೇದಿಯಾಗಿ ಮೂರು ಸತ್ತವು. ಎಲ್ಲವೂ ಗಿಣ್ಣುಹಾಲು ಕುಡಿದಿದ್ದವು. ಆದರೂ ಹೀಗೇಕಾಯಿತು?

ಪಶುವೈದ್ಯರು: ನಿಮ್ಮ ಮರಿಗಳ ವಿಷಯ ನನ್ನನ್ನು ಚಿಂತೆಗೆ ಹಚ್ಚಿದೆ. ಹಂದಿಯಲ್ಲಿ ರೋಗವನ್ನು ತಡೆಯುವ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ. ಗಿಣ್ಣಿನಿಂದಲೇ ರಕ್ತ ಸೇರಬೇಕು, 24ರಿಂದ 36 ಗಂಟೆಗಳಲ್ಲಿ ಆ ದಾರಿಯೂ ಮುಚ್ಚುತ್ತದೆ. ಇಷ್ಟನ್ನು ನೀವು ಸರಿಯಾಗಿಯೇ ಮಾಡಿದ್ದೀರಿ. ಆದರೆ ರಕ್ತದ ರಕ್ಷಣೆ ಬೇರೆ, ಕರುಳಿನ ರಕ್ಷಣೆ ಬೇರೆ. ಹುಟ್ಟಿದ ಮರಿಯ ಕರುಳಿನ ಒಳಪದರದಲ್ಲಿ ರೋಗನಿರೋಧಕ ಕಣಗಳು ಇಲ್ಲವೆನ್ನುವಷ್ಟು ವಿರಳ. ಮೊದಲೆರಡು ವಾರಗಳಲ್ಲಿ ಅವು ಒಂದೊಂದಾಗಿ ಬಂದು ಸೇರುತ್ತವೆ. ಉಳಿದವುಗಳಿಗೆ ದಾರಿ ತೋರುವ ಸಿಡಿ4 ಟಿ-ಕಣಗಳು ಎರಡರಿಂದ ನಾಲ್ಕನೇ ವಾರದಲ್ಲಿ, ಸೋಂಕು ತಗುಲಿದ ಕಣಗಳನ್ನು ಕೊಲ್ಲುವ ಸಿಡಿ8 ಕಣಗಳು ಐದನೇ ವಾರದ ಹೊತ್ತಿಗೆ ನೆಲೆಗೊಳ್ಳುತ್ತವೆ. ಬೆಳೆದ ಹಂದಿಯ ಕರುಳನ್ನು ಹೋಲಲು ಸುಮಾರು ಏಳು ವಾರ ಬೇಕು. ಅಲ್ಲಿಯವರೆಗೆ ಪ್ರತಿ ಗುಟುಕಿನೊಡನೆ ಇಳಿದು, ಭೇದಿ ತರುವ ಇ. ಕೋಲಿ ಬ್ಯಾಕ್ಟೀರಿಯಾ ಕರುಳಿಗೆ ಅಂಟದಂತೆ ತಡೆಯುವುದು ತಾಯಿಹಾಲಿನ ಐಜಿಎ ಪ್ರತಿಕಾಯ. ನೀವು ಆ ಕಾವಲನ್ನು ತೆಗೆದಾಗ ಮರಿಯ ಸ್ವಂತ ಕಾವಲು ಇನ್ನೂ ಅರ್ಧ ದಾರಿಯಲ್ಲಿತ್ತು. ಅದೇ ದಿನ ಹೊಸ ಮೇವೂ ಬಿತ್ತು. ಅರಗದೆ ಉಳಿದ ನುಚ್ಚು ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಆಹಾರವಾಯಿತು.

ಉಳಿದ ಎಂಟನ್ನು ಈಗಲೇ ಎತ್ತಿ ನೋಡಿ: ಬಾಲದ ಬುಡ ಒದ್ದೆಯಿದೆಯೇ, ಕಣ್ಣು ಗುಳಿಬಿದ್ದಿದೆಯೇ, ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಲ್ಲುತ್ತದೆಯೇ? ಓಆರ್‌ಎಸ್ ನೀರು ಇಡಿ, ನೆಲ ಒಣಗಿಸಿ, ಬೆಚ್ಚಗಿಡಿ. ಇನ್ನೊಂದು ಸತ್ತರೆ ಹೂಳಬೇಡಿ, ಮರಣೋತ್ತರ ಪರೀಕ್ಷೆಯಾಗಲಿ; ಹಂದಿಜ್ವರವಲ್ಲವೆಂದು ಖಚಿತವಾಗಬೇಕು.

ಹರಿಹರದ ಸದಸ್ಯರು: ಸುಣ್ಣದ ತಿಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಪುಡಿ ಕಲಸಿ ಕುಡಿಸಿದರೆ ಒಂದೇ ದಿನದಲ್ಲಿ ನಿಲ್ಲುತ್ತದೆಂದು ಬೇರೆ ಗುಂಪಿನಲ್ಲಿ ಬಂದಿದೆ.

ಪಶುವೈದ್ಯರು: ಕುಡಿಸಬೇಡಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಸುಣ್ಣ ಎಳೆಯ ಕರುಳನ್ನು ಸುಡುತ್ತದೆ. ಇಂಥವನ್ನು ಇಲ್ಲಿಗೆ ಕಳುಹಿಸುವ ಮುನ್ನ ದಯವಿಟ್ಟು ಯೋಚಿಸಿ.

ಹೊನ್ನಾಳಿಯ ಸದಸ್ಯರು: ಮರಿಗಳಿಗೆ ಕಬ್ಬಿಣಾಂಶದ ಇಂಜೆಕ್ಷನ್ ಯಾವಾಗ ಕೊಡಬೇಕು?

ಪಶುವೈದ್ಯರು: ಹುಟ್ಟಿದ ಮೂರನೇ ದಿನ, 200 ಮಿ.ಗ್ರಾಂ.

ಹೊಳಲ್ಕೆರೆಯ ಸದಸ್ಯರು: ಸರ್, ಎಷ್ಟು ದಿನಕ್ಕೆ ಹಾಲು ಬಿಡಿಸಬೇಕು?

ಪಶುವೈದ್ಯರು: ಮೇಲೆ ಓದಿ. ನಮ್ಮ ಕೊಟ್ಟಿಗೆಗಳಲ್ಲಿ ಆರು ವಾರಕ್ಕೆ ಮೊದಲು ಬೇಡ.

ಹಿರಿಯೂರಿನ ಸದಸ್ಯರು: ನಾನು ಹೋಟೆಲಿನ ಮುಸುರೆ ಹಾಕಿ ನಾಲ್ಕು ವಾರಕ್ಕೇ ಬಿಡಿಸುತ್ತೇನೆ, ಒಂದೂ ಸತ್ತಿಲ್ಲ.

ಚನ್ನಗಿರಿಯ ಸದಸ್ಯರು: ಮುಸುರೆಯಿಂದಲೇ ರೋಗ ಊರೂರಿಗೆ ಹರಡುವುದು. ನಿಮ್ಮಂಥವರಿಂದ ನಮ್ಮ ಹಂದಿಗಳಿಗೂ ಅಪಾಯ.

ಹಿರಿಯೂರಿನ ಸದಸ್ಯರು: ಮೇವಿನ ಬೆಲೆ ನೀವು ಕೊಡುತ್ತೀರಾ? ಹದಿನೈದು ವರ್ಷದಿಂದ ಸಾಕುತ್ತಿರುವವನಿಗೆ ಪಾಠ ಹೇಳಬೇಡಿ.

ಚನ್ನಗಿರಿಯ ಸದಸ್ಯರು: ವರ್ಷ ಎಣಿಸಿದರೆ ರೋಗ ಬಿಡುವುದಿಲ್ಲ.

ಪಶುವೈದ್ಯರು: ಮುಸುರೆಯನ್ನು ಅರ್ಧ ಗಂಟೆ ಕುದಿಸದೆ ಯಾರೂ ಹಾಕಕೂಡದು. ಇಬ್ಬರೂ ನಿಲ್ಲಿಸಿ.

ಹರಿಹರದ ಸದಸ್ಯರು: ಹಾಗಾದರೆ ಸುಣ್ಣದ ತಿಳಿ ಮಾತ್ರ ಕೊಡಬಹುದೇ?

ಪಶುವೈದ್ಯರು: ಬೇಡ ಎಂದೆ.

ಜಗಳೂರಿನ ಸದಸ್ಯರು: ಡಾಕ್ಟರೇ, ಇನ್ನೊಂದು ಮರಿ ಮಲಗಿದೆ, ಏಳುತ್ತಿಲ್ಲ. ಚಿವುಟಿದ ಚರ್ಮ ಹಾಗೆಯೇ ನಿಂತಿದೆ.

ಪಶುವೈದ್ಯರು: ಇಲ್ಲಿ ಬರೆಯುತ್ತ ಕೂರಬೇಡಿ, ಫೋನ್ ಮಾಡಿ. ಅದನ್ನು ಗೋಣಿಚೀಲದಲ್ಲಿ ಸುತ್ತಿ ಬೆಚ್ಚಗೆ ಇಟ್ಟುಕೊಂಡಿರಿ, ನಾನು ಹೊರಟೆ.