ಮಗುವಿನ ಕ್ರೀಮಿಗೆ ಬಿಳಿಗಾರ ಬೇಡ

ಪುಟ್ಟಿ, ನಮ್ಮ ಮನೆಯವರ ಈ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ಇಷ್ಟೆಲ್ಲವನ್ನು ಆ ಸಣ್ಣ ಅಕ್ಷರಗಳನ್ನು ಒತ್ತಿ ಬರೆಯುವ ತಾಳ್ಮೆ ನನಗಿಲ್ಲ, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಉದ್ದವಾಯಿತೆಂದು ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ. ಮಗುವಿನ ಕೆನ್ನೆ ಒಣಗಿ ಒರಟಾಗಿದೆ, ಕೊಬ್ಬರಿ ಎಣ್ಣೆ, ಜೇನುಮೇಣ, ಗುಲಾಬಿ ನೀರು ಸೇರಿಸಿ ಮಾಡಿದ ಕ್ರೀಮು ಮರುದಿನವೇ ನೀರು ಬಿಟ್ಟುಕೊಂಡಿತು, ಅದು ಒಡೆಯದಂತೆ ಚಿಟಿಕೆ ಬಿಳಿಗಾರ (ಬೋರಾಕ್ಸ್) ಹಾಕಬಹುದೇ, ಅದೂ ನೈಸರ್ಗಿಕವೇ ಅಲ್ಲವೇ ಎಂದು ಕೇಳಿದ್ದೀಯ. ಮೇಲಿನಮನೆಯ ಸೊಸೆ ಕಳಿಸಿದ ವಿಡಿಯೋದಲ್ಲಿಯೂ ಹಾಗೆಯೇ ಹೇಳಿದ್ದಾರಂತೆ. ಬಿಳಿಗಾರವನ್ನು ಮಗುವಿನ ಮೈಗೆ ಮುಟ್ಟಿಸಬೇಡ.

ಕೆಳಗಿನಮನೆಯ ಮಾಣಿಯ ಕಥೆ ನಿಮ್ಮ ತಲೆಮಾರಿನವರಿಗೆ ಯಾರೂ ಹೇಳಿದಂತಿಲ್ಲ. ಈಗ ಪುಣೆಯಲ್ಲಿ ದೊಡ್ಡ ಕೆಲಸದಲ್ಲಿರುವವನೇ ಅವನು. ಆಗ ಇನ್ನೂ ಅಂಬೆಗಾಲಿಡುತ್ತಿದ್ದ. ನಮ್ಮ ಶಿರಸಿ ಕಡೆಯ ಆಷಾಢದ ಮಳೆಯಲ್ಲಿ ಬಟ್ಟೆಗಳು ಒಣಗುವುದೆಂದರೇನು ಎಂಬುದು ನಿಮಗೆ ಗೊತ್ತೇ ಇದೆ. ಹಸಿ ಬಟ್ಟೆಯ ದೆಸೆಯಿಂದ ಅವನ ತೊಡೆಯ ಸಂದಿಯೆಲ್ಲ ಕೆಂಪಾಗಿ, ಚರ್ಮ ಸುಲಿದಿತ್ತು. ಜಾತ್ರೆಯಲ್ಲಿ ಒಬ್ಬ ವ್ಯಾಪಾರಿಯಿಂದ ತಂದಿಟ್ಟಿದ್ದ ಬಿಳಿಯ ಕ್ರೀಮೊಂದು ಮನೆಯಲ್ಲಿತ್ತು. ಜೇನುಮೇಣ, ಎಣ್ಣೆ, ಬಿಳಿಗಾರ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ ಎಂದು ಅವನು ಹೆಮ್ಮೆಯಿಂದ ಹೇಳಿ ಮಾರಿದ್ದ. ನನ್ನ ಓರಗಿತ್ತಿ ಅದನ್ನೇ ಹೊತ್ತುಹೊತ್ತಿಗೆ ಬಳಿದಳು. ಹುಣ್ಣು ಆರುವುದರ ಬದಲು ರಸಿಗೆಯಾಯಿತು, ಕೂಸು ಹಾಲು ಬಿಟ್ಟಿತು, ಕುಡಿಸಿದ್ದನ್ನೆಲ್ಲ ವಾಂತಿ ಮಾಡಿತು.

ಪೇಟೆಯ ವೈದ್ಯರು ಮೊದಲು ಕೇಳಿದ್ದೇ ಆ ಡಬ್ಬಿಯನ್ನು. ಗಟ್ಟಿ ಚರ್ಮದ ಮೂಲಕ ಬಿಳಿಗಾರ ಒಳಗೆ ಹೋಗುವುದು ಅತ್ಯಲ್ಪ, ಆದರೆ ಸುಲಿದ ಚರ್ಮದಲ್ಲಿ ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ, ಎಳೆಯ ಮಕ್ಕಳ ಮೂತ್ರಪಿಂಡಕ್ಕೆ ಅದನ್ನು ಬೇಗ ಹೊರಹಾಕುವ ಶಕ್ತಿಯಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಹಿಂದಿನ ಕಾಲದಲ್ಲಿ ಇದೇ ಜಾತಿಯ ಬೋರಿಕ್ ಪುಡಿಯನ್ನು ಸುಲಿದ ಜಾಗಕ್ಕೆ ಉದುರಿಸಿ ಕೂಸುಗಳು ಸತ್ತದ್ದುಂಟು, ಜೇನುತುಪ್ಪದಲ್ಲಿ ಬಿಳಿಗಾರ ಕಲಸಿ ಚೀಪಲು ಕೊಟ್ಟು ಫಿಟ್ಸ್ ಬಂದದ್ದೂ ಉಂಟು ಎಂದರು. ಮಾಣಿಗೆ ಆದದ್ದು ಅದರಿಂದಲೇ ಎಂದು ಅವರು ಪ್ರಮಾಣ ಮಾಡಲಿಲ್ಲ, ಆದರೆ ಡಬ್ಬಿಯನ್ನು ನಮ್ಮ ಕೈಗೆ ಹಿಂದಿರುಗಿಸಲೂ ಇಲ್ಲ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಬಿಳಿಗಾರ ಬೇಡ. ಚಿಟಿಕೆಯೂ ಬೇಡ.

ನೈಸರ್ಗಿಕ ಎಂಬ ಮಾತಿಗೆ ಬರುತ್ತೇನೆ. ಲಡಾಖಿನ ಪುಗಾ ಕಣಿವೆಯಲ್ಲಿ ಬಿಳಿಗಾರ ನೆಲದ ಮೇಲೆಯೇ ಸಿಗುತ್ತದೆ, ನಿಜ. ಕಾಸರಕನ ಕಾಯಿಯೂ ನಮ್ಮ ಬೆಟ್ಟದಲ್ಲೇ ಆಗುತ್ತದೆ, ಯಾರಾದರೂ ತಿನ್ನುತ್ತಾರೆಯೇ? ಯುರೋಪಿನವರು ಬಿಳಿಗಾರವನ್ನು ಸಂತಾನಶಕ್ತಿಗೆ ಹಾನಿ ಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಕ್ರೀಮಿನಲ್ಲಿ ಅದು ಮಾಡುವ ಕೆಲಸವನ್ನಾದರೂ ತಿಳಿದುಕೊಳ್ಳಿ. ಜೇನುಮೇಣ ತಾನಾಗಿ ನೀರನ್ನು ಹಿಡಿದಿಡುವುದಿಲ್ಲ. ಎರಡನೆಯ ಶತಮಾನದಲ್ಲಿ ವೈದ್ಯ ಗ್ಯಾಲೆನ್ ಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು ಕಲಸಿದಾಗಲೂ ನೀರು ಬೇರೆಯಾಗಿ ಆರುತ್ತಿತ್ತು, ಮೈಗೆ ತಂಪೆನಿಸುತ್ತಿದ್ದುದು ಅದರಿಂದಲೇ. ನೀನು ಮಾಡಿದ್ದೂ ಅದೇ ಕ್ರೀಮು. ಬಿಳಿಗಾರವು ಮೇಣದೊಳಗಿನ ಆಮ್ಲದ ಜೊತೆ ಕೂಡಿ ಒಂದು ಬಗೆಯ ಸಾಬೂನಾಗುತ್ತದೆ, ಎಣ್ಣೆ ಮತ್ತು ನೀರನ್ನು ಕಟ್ಟಿಹಾಕುವುದು ಆ ಸಾಬೂನು. ಸಾಬೂನೆಂದರೆ ಕ್ಷಾರ. ಆಮ್ಲ-ಕ್ಷಾರವನ್ನು ಅಳೆಯುವ ಪಿಎಚ್ ನಮ್ಮ ಚರ್ಮದಲ್ಲಿ ಸುಮಾರು 5, ಇಂಥ ಕ್ರೀಮಿನದು 8ರ ಆಚೆಗೆ. ಒಣಗಿದ ಕೆನ್ನೆಗೆ ಸಾಬೂನು ಬಳಿದು ಹಾಗೆಯೇ ಬಿಟ್ಟಂತೆ. ಅಲ್ಲದೆ ಮೇಣದ ತೂಕದ ನೂರಕ್ಕೆ 5–6 ಪಾಲು ಬಿಳಿಗಾರ ಎಂಬ ಲೆಕ್ಕ ಅಪ್ಪಟ ಮೇಣಕ್ಕೆ ಮಾತ್ರ ಹೊಂದುತ್ತದೆ. ಪ್ಯಾರಾಫಿನ್ ಬೆರೆಸಿದ ಮೇಣದಲ್ಲಿ ಅಷ್ಟು ಆಮ್ಲವಿರುವುದಿಲ್ಲ, ಉಳಿದ ಬಿಳಿಗಾರ ಹಾಗೆಯೇ ಕ್ರೀಮಿನಲ್ಲಿ ಕುಳಿತಿರುತ್ತದೆ.

ಇದನ್ನೆಲ್ಲ ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು ಎಂಬುದು ಈ ಗುಂಪಿನಲ್ಲಿ ಯಾರಿಗಾದರೂ ನೆನಪಿದೆಯೇ? ಮೂರನೆಯವರ ವಿಡಿಯೋ ನೋಡಿ, ಕ್ರೀಮು ಒಡೆದ ಮೇಲೆ ನಿಮಗೆ ಈ ದೊಡ್ಡಮ್ಮನ ನೆನಪಾಗುತ್ತದೆ. ಪ್ರತಿವರ್ಷ ಮುರುಗಲಿನ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ತುಪ್ಪವನ್ನು ತೆಗೆದು, ಉಂಡೆ ಕಟ್ಟಿ ಬೆಂಗಳೂರಿಗೆ ಕಳಿಸುತ್ತೇನೆ. ಕಳೆದ ಸಲ ಬಂದಾಗ ನೋಡಿದರೆ ಹಿಂದಿನ ವರ್ಷದ ಉಂಡೆಗಳು ಫ್ರಿಜ್ಜಿನ ಮೂಲೆಯಲ್ಲಿ ಕಟ್ಟು ಬಿಚ್ಚದೆ ಕುಳಿತಿದ್ದವು, ಮೇಜಿನ ಮೇಲೆ ಮಾತ್ರ ಕೋಕಂ ಬಟರ್ ಎಂದು ಬರೆದ ಚಿಕ್ಕ ಡಬ್ಬಿಯಿತ್ತು. ಎರಡೂ ಒಂದೇ ಎಂದು ನಾನು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಅಯ್ಯೋ, ನೀನು ಕೇಳಿದ ಪ್ರಶ್ನೆಗೆ ಉತ್ತರವೇ ಉಳಿಯಿತು. ಮಗುವಿಗೆ ಕ್ರೀಮೇ ಬೇಡ. ನೀರು ಹಾಕದಿದ್ದರೆ ಎಮಲ್ಸಿಫೈಯರಿನ, ಅಂದರೆ ಎಣ್ಣೆ ಮತ್ತು ನೀರನ್ನು ಕಟ್ಟಿಹಾಕುವ ವಸ್ತುವಿನ, ಅಗತ್ಯವೇ ಇಲ್ಲ. ಒಂದು ಪಾಲು ಮುರುಗಲು ತುಪ್ಪ, ಮೂರು ಪಾಲು ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಡಬ್ಬಿಗೆ ಹಾಕಿಡು. ಮೊದಲು ಮಗುವಿನ ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ನೋಡು. ಏನೂ ಆಗದಿದ್ದರೆ, ಸ್ನಾನವಾದ ಕೂಡಲೇ ಕೆನ್ನೆ ಇನ್ನೂ ಪಸೆಯಾಗಿರುವಾಗ ತೆಳ್ಳಗೆ ಸವರು. ಕೆನ್ನೆ ಒಡೆದು ರಸ ಒಸರುತ್ತಿದ್ದರೆ ಮನೆಯ ಯಾವುದನ್ನೂ ಹಚ್ಚದೆ ಚರ್ಮವೈದ್ಯರಿಗೆ ತೋರಿಸು.

ನಿನಗಾಗಿ ನೀರಿರುವ ಕ್ರೀಮನ್ನೇ ಮಾಡಬೇಕೆಂದಿದ್ದರೆ ಆಲಿವ್ ಎಣ್ಣೆಯಿಂದ ತಯಾರಿಸಿದ ಎಮಲ್ಸಿಫೈಯರ್ ಹಳಕುಗಳನ್ನು ತರಿಸು, ಚೀಟಿಯಲ್ಲಿ ಸೆಟಿಯರಿಲ್ ಆಲಿವೇಟ್, ಸಾರ್ಬಿಟಾನ್ ಆಲಿವೇಟ್ ಎಂದಿರಬೇಕು. ನೂರು ಗ್ರಾಂ ಕ್ರೀಮಿಗೆ ಸುಮಾರು 5 ಗ್ರಾಂ ಸಾಕು, ಚಮಚದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗು. ಹಳಕುಗಳನ್ನು ಎಣ್ಣೆಯಲ್ಲಿ ಕರಗಿಸು, ಎಣ್ಣೆ ಮತ್ತು ನೀರನ್ನು ಬೇರೆಬೇರೆಯಾಗಿ 70–75 ಡಿಗ್ರಿಗೆ ಕಾಯಿಸಿ ಕೂಡಿಸು, ಆರುವವರೆಗೂ ಕಡೆಯುತ್ತಿರು. ಸೋಯಾ ಅಥವಾ ಸೂರ್ಯಕಾಂತಿಯ ಲೆಸಿಥಿನ್ ಕೂಡ ಒಳ್ಳೆಯದೇ, ಆದರೆ ಅಂಟಂಟಾಗುತ್ತದೆ, ಅದೊಂದರಿಂದಲೇ ಕ್ರೀಮು ಗಟ್ಟಿಯಾಗಿ ನಿಲ್ಲುವುದು ಕಷ್ಟ. ದಾಸವಾಳದ ಲೋಳೆ, ಮೆಂತ್ಯದ ಲೋಳೆ ಮಂದ ಮಾಡುತ್ತವೆ, ಎಣ್ಣೆಯನ್ನು ಭದ್ರವಾಗಿ ಹಿಡಿದಿಡಲಾರವು. ಇವು ಯಾವುವೂ ಬೂಸಲನ್ನು ತಡೆಯುವುದಿಲ್ಲ, ವಿಟಮಿನ್ ಇ ಸಹ ಎಣ್ಣೆ ಕಮಟಾಗದಂತೆ ನೋಡಿಕೊಳ್ಳುತ್ತದೆ ಅಷ್ಟೇ. ನೀರಿರುವ ಕ್ರೀಮಿಗೆ ಪ್ರಿಸರ್ವೇಟಿವ್ ಬೇಕೇ ಬೇಕು, ಅದು ಬೇಡವೆಂದಾದರೆ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಿಬಿಡು. ಆ ಫ್ರಿಜ್ಜಿನ ಮೂಲೆಯ ಹಳೆಯ ಉಂಡೆಗಳನ್ನು ಮೂಸಿ ನೋಡು, ಕಮಟು ವಾಸನೆ ಬಂದರೆ ಎಸೆದುಬಿಡು. ಈ ವಾರ ಬೆಂಗಳೂರಿಗೆ ಹೋಗುವವರು ಯಾರಿದ್ದೀರೆಂದು ಇಲ್ಲಿಯೇ ತಿಳಿಸಿದರೆ ಹೊಸ ತುಪ್ಪ ಕೊಟ್ಟು ಕಳಿಸುತ್ತೇನೆ.