ಪಕ್ಕದಲ್ಲಿ ಯಾರಾದರೂ ಇದ್ದರೆ ಮೂತ್ರ ಬರುವುದಿಲ್ಲ. ರಾತ್ರಿ ಪ್ರಯಾಣ ಹೇಗೆ ಮಾಡಲಿ?

ಕೇಳಿದವರು, ತುಮಕೂರಿನಿಂದ:

ನನಗೆ 26 ವರ್ಷ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ, ಇಲ್ಲವೇ ಬಾಗಿಲ ಹೊರಗೆ ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ನನಗೆ ಮೂತ್ರ ಬರುವುದಿಲ್ಲ. ಹೊಟ್ಟೆ ಬಿರಿಯುವಂತಿದ್ದರೂ ಒಂದು ಹನಿ ಬರುವುದಿಲ್ಲ. ಹೈಸ್ಕೂಲಿನಿಂದಲೂ ಹೀಗೆಯೇ. ಮನೆಯಲ್ಲಿ ಮಾತ್ರ ಏನೂ ತೊಂದರೆಯಿಲ್ಲ. ವೈದ್ಯರು ಸ್ಕ್ಯಾನಿಂಗ್ ಮಾಡಿಸಿ ಎಲ್ಲ ಸರಿಯಾಗಿದೆ ಎಂದರು. ಮುಂದಿನ ತಿಂಗಳು ಕಾರವಾರದಲ್ಲಿ ಚಿಕ್ಕಪ್ಪನ ದೊಡ್ಡ ಮಗನ ಮದುವೆ. ಎರಡು ಬಸ್ಸುಗಳಲ್ಲಿ ದಿಬ್ಬಣ ಹೊರಡುತ್ತದೆ, ರಾತ್ರಿಯಿಡೀ ಪ್ರಯಾಣ. ಹಿಂದೊಮ್ಮೆ ಇಂಥದೇ ಪ್ರಯಾಣಕ್ಕೆ ಹಿಂದಿನ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದೆ. ತಲೆನೋವು, ವಾಂತಿ ಶುರುವಾಗಿ ಊಟದ ಪಂಕ್ತಿಯಿಂದ ಎದ್ದು ಹೋಗಬೇಕಾಯಿತು. ಈ ಸಲ ಬರುವುದಿಲ್ಲ ಎಂದರೆ ಚಿಕ್ಕಪ್ಪ ನೊಂದುಕೊಳ್ಳುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ಹೇಗೆ ನಿಭಾಯಿಸಿದಿರಿ, ದಯವಿಟ್ಟು ಹೇಳಿ.

ದಾವಣಗೆರೆಯಿಂದ ಒಬ್ಬರು:

ತಮ್ಮಾ, ನಿನ್ನ ಪತ್ರದ ಪ್ರತಿ ಸಾಲಿನಲ್ಲೂ ನಾನಿದ್ದೇನೆ. ನನಗೀಗ 47. ಬಿತ್ತನೆ ಬೀಜ ಮಾರುವ ಕೆಲಸ. ಇಪ್ಪತ್ತು ವರ್ಷಗಳಿಂದ ಬಸ್ಸು, ವಸತಿಗೃಹ, ಸಂತೆ ಎಂದು ತಿರುಗುತ್ತಲೇ ಇದ್ದೇನೆ. ಮೂತ್ರಾಲಯದಲ್ಲಿ ಸಾಲಾಗಿ ನಿಂತವರ ನಡುವೆ ಗೋಡೆ ನೋಡುತ್ತಾ ನಿಂತು, ಆಯಿತು ಎನ್ನುವಂತೆ ನಟಿಸಿ, ಕೈ ತೊಳೆದು ಹೊರಬಂದದ್ದು ಎಷ್ಟು ಸಲವೋ. ಇದು ನನ್ನೊಬ್ಬನ ಹೇಡಿತನ ಎಂದುಕೊಂಡೇ ಮೂವತ್ತು ದಾಟಿದೆ.

ಇದಕ್ಕೆ ಪ್ಯಾರುರಿಸಿಸ್ ಎಂಬ ಹೆಸರಿದೆ. 1954ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ ಬರೆದ ಲೇಖನದಲ್ಲಿ ಈ ಹೆಸರು ಬಂತು. ಮನೋವೈದ್ಯರು ಇದನ್ನು ಸಾಮಾಜಿಕ ಆತಂಕದ ಗುಂಪಿಗೆ ಸೇರಿಸುತ್ತಾರೆ. ಹೆದರಿಕೆಯಾದಾಗ ಎದೆ ಬಡಿದುಕೊಳ್ಳುವುದು ಹೇಗೆ ನಮ್ಮ ಕೈಯಲ್ಲಿಲ್ಲವೋ ಇದೂ ಹಾಗೆಯೇ. ಅಪಾಯ ಬಂದಿದೆ ಎಂದು ನರಗಳಿಗೆ ಅನ್ನಿಸಿದ ಕೂಡಲೇ ಮೂತ್ರಕೋಶದ ಬಾಯಿಯ ಸ್ನಾಯು ಬಿಗಿಯುತ್ತದೆ, ಮೂತ್ರಕೋಶವನ್ನು ಹಿಂಡಬೇಕಾದ ಸ್ನಾಯು ಸಡಿಲವಾಗುತ್ತದೆ. ಮುಕ್ಕಿದಷ್ಟೂ ಬಿಗಿತ ಹೆಚ್ಚುತ್ತದೆ. ಆದ್ದರಿಂದ ಮುಕ್ಕಬೇಡ.

ನನ್ನ ಕಣ್ಣು ತೆರೆಸಿದ್ದು 1976ರ ಒಂದು ಪ್ರಯೋಗ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಮೂತ್ರಾಲಯದಲ್ಲಿ 60 ಗಂಡಸರನ್ನು ಅವರಿಗೆ ತಿಳಿಯದಂತೆ ಗಮನಿಸಿದರು. ಹಾಗೆ ಕದ್ದು ನೋಡಿದ್ದು ತಪ್ಪು ಎಂದು ಆಮೇಲೆ ಆಕ್ಷೇಪಗಳು ಬಂದವು, ನನಗೂ ಅದು ತಪ್ಪೆಂದೇ ಅನ್ನಿಸುತ್ತದೆ. ಆದರೆ ಅಲ್ಲಿ ಕಂಡದ್ದು ಇದು: ಒಬ್ಬನೇ ಇದ್ದಾಗ ಮೂತ್ರ ಶುರುವಾಗಲು ಸರಾಸರಿ 4.9 ಸೆಕೆಂಡು ಹಿಡಿದರೆ, ಪಕ್ಕಕ್ಕೇ ಒಬ್ಬ ಬಂದು ನಿಂತಾಗ 8.4 ಸೆಕೆಂಡು ಹಿಡಿಯಿತು. ದಾರಿಯಲ್ಲಿ ಹೋಗುವ ಸಾಮಾನ್ಯ ಗಂಡಸರಿಗೇ ಹೀಗಾಗುತ್ತದೆ. ಎಲ್ಲರಲ್ಲೂ ಇರುವ ಸಂಕೋಚ ನಮ್ಮಲ್ಲಿ ಬಹಳ ಹೆಚ್ಚಿದೆ, ಅಷ್ಟೇ. ಇದನ್ನು ಓದಿದ ದಿನ ನಾನು ಅತ್ತಿದ್ದೆ.

ಈಗ ನಿನ್ನ ಪ್ರಯಾಣದ ಮಾತು. ನೀರು ಕುಡಿಯದೆ ಇರುವುದನ್ನು ಮೊದಲು ನಿಲ್ಲಿಸು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ, ಮೂತ್ರದಲ್ಲಿ ಉರಿ ಬಂದು ಆಸ್ಪತ್ರೆ ಸೇರಿದೆ. ಈಗ ಹೊರಡುವ ದಿನ ಸಂಜೆಯವರೆಗೂ ಎಂದಿನಂತೆ ಕುಡಿಯುತ್ತೇನೆ. ಕಾಫಿ, ಚಹಾ ಮಾತ್ರ ಬಿಡುತ್ತೇನೆ. ಬಸ್ ಹತ್ತಿದ ಮೇಲೆ ಗುಟುಕು ಗುಟುಕಾಗಿ ನೀರು.

ಬಯಲು ಮೂತ್ರಾಲಯದ ಕಡೆಗೆ ಹೋಗಲೇಬೇಡ. ನೇರವಾಗಿ ಬಾಗಿಲು, ಚಿಲಕ ಇರುವ ಶೌಚಾಲಯಕ್ಕೆ ಹೋಗು. ಒಂದಕ್ಕೆ ಹೋಗಲು ಬಾಗಿಲು ಯಾಕೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಉತ್ತರ ಹೇಳುವ ಹಂಗು ನಿನಗಿಲ್ಲ. ಬಸ್ ನಿಂತ ಕೂಡಲೇ ಎಲ್ಲರೂ ಶೌಚಾಲಯಕ್ಕೆ ನುಗ್ಗುತ್ತಾರೆ, ಆಮೇಲೆ ಚಹಾಕ್ಕೆ ಕೂರುತ್ತಾರೆ. ನಾನು ಮೊದಲು ಚಹಾದಂಗಡಿಯ ಬಳಿ ನಿಂತಿರುತ್ತೇನೆ, ಅವರು ಲೋಟ ಹಿಡಿದ ಮೇಲೆ ಹೋಗುತ್ತೇನೆ. ಇದೊಂದರಿಂದಲೇ ನನ್ನ ಅರ್ಧ ಕಷ್ಟ ಕಳೆಯಿತು.

ಇನ್ನೊಂದು ಮಾತು. ಬಸ್ಸಿನಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ. ನಾನು ಹನ್ನೊಂದು ವರ್ಷ ಜೊತೆಗೆ ತಿರುಗಿದ ಸಹೋದ್ಯೋಗಿಗೆ ಹೇಳಿದ್ದು ಬಹಳ ತಡವಾಗಿ. ಅವನು ನಗಲಿಲ್ಲ. "ಇಷ್ಟು ವರ್ಷ ನೀರು ಕುಡಿಯದೆ ಸಾಯುತ್ತಿದ್ದೆಯಲ್ಲೋ" ಎಂದು ಬೈದ. ಅಂದಿನಿಂದ ನಾನು ಒಳಗೆ ಹೋದಾಗ ಅವನು ಬಾಗಿಲ ಹತ್ತಿರ ಯಾರೂ ಬರದಂತೆ ಮಾತಿಗೆ ಎಳೆದುಕೊಂಡು ನಿಲ್ಲುತ್ತಾನೆ.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ:

ಹೆಂಗಸರಿಗೂ ಇದು ಇರುತ್ತದೆ ಮಗು, ಹೇಳಿಕೊಳ್ಳುವವರು ಇಲ್ಲ ಅಷ್ಟೆ. ನಮಗೆ ಬಾಗಿಲು ಇದ್ದೇ ಇರುತ್ತದೆ, ಆದರೆ ಹೊರಗಿನ ಸಾಲು ಚಿಲಕವನ್ನೇ ನೋಡುತ್ತಿರುತ್ತದೆ. ಕಾಶಿಯಾತ್ರೆಯ ರೈಲಿನಲ್ಲಿ ಮೊದಲ ದಿನ ನನಗೆ ಹದಿಮೂರು ಗಂಟೆ ಮೂತ್ರವಾಗಲಿಲ್ಲ. ರಾತ್ರಿ ಮೂರು ಗಂಟೆಗೆ ಬೋಗಿಯೆಲ್ಲ ಮಲಗಿದ್ದಾಗ ಎದ್ದು ಹೋದೆ, ಚಕ್ರದ ಸದ್ದಿನಲ್ಲಿ ತಾನಾಗಿ ಆಯಿತು. ಉಳಿದ ದಿನಗಳಲ್ಲಿ ಅದೇ ಹೊತ್ತಿಗೆ ಅಲಾರಂ ಇಟ್ಟೆ. ಸದ್ದು ಇದ್ದರೆ ನನಗೆ ಸಲೀಸು. ನಲ್ಲಿ ಬಿಟ್ಟುಕೊಳ್ಳುತ್ತೇನೆ, ನಲ್ಲಿ ಇಲ್ಲದಿದ್ದರೆ ಬಾಟಲಿಯ ನೀರನ್ನು ಸಣ್ಣಗೆ ಸುರಿಯುತ್ತೇನೆ.

ಗಲೀಜೆಂದು ಕಮೋಡಿನ ಮೇಲೆ ಅರ್ಧ ಬಗ್ಗಿ ನಿಲ್ಲುವ ಅಭ್ಯಾಸ ನನಗಿತ್ತು. ಹಾಗೆ ನಿಂತರೆ ತೊಡೆ, ಕೆಳಹೊಟ್ಟೆ ಎಲ್ಲ ಬಿಗಿಯಾಗಿರುತ್ತವೆ, ಮೂತ್ರ ಹೇಗೆ ಬಂದೀತು? ಈಗ ಕಾಗದ ಹಾಸಿ ಪೂರ್ತಿ ಕೂರುತ್ತೇನೆ, ಇಲ್ಲದಿದ್ದರೆ ಭಾರತೀಯ ಶೈಲಿಯದನ್ನೇ ಹುಡುಕುತ್ತೇನೆ. ಗಂಡಸರೂ ಕುಳಿತು ನೋಡಬಹುದು.

ನಿಮ್ಮ ಚಿಕ್ಕಪ್ಪ ಒಪ್ಪಿದರೆ ಬೆಂಗಳೂರಿನಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ರಾತ್ರಿ ರೈಲು. ಬೇಕೆಂದಾಗ ಎದ್ದು ಹೋಗಬಹುದು, ಯಾರ ಅನುಮತಿಯೂ ಬೇಡ. ಅಜ್ಜಿಯನ್ನೋ ಅತ್ತೆಯನ್ನೋ ರೈಲಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಅವರಿಗೂ ಬಸ್ಸಿಗಿಂತ ಆರಾಮ.

ಹುಬ್ಬಳ್ಳಿಯಿಂದ, ಪ್ರವಾಸಿ ಬಸ್ ಚಾಲಕರು:

ನಮಗೆ ಹೇಳಿ ಸರ್. ಹತ್ತುವಾಗಲೇ ಚಾಲಕರ ಹತ್ತಿರ ಬಂದು, ನನಗೆ ಮೂತ್ರದ ತೊಂದರೆಯಿದೆ, ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ಹೆಚ್ಚು ನಿಲ್ಲಿಸಿ ಎಂದರೆ ಸಾಕು. ಸಕ್ಕರೆ ಕಾಯಿಲೆಯವರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ, ನಮಗೆ ಇದು ಹೊಸದಲ್ಲ. ಡಾಬಾಕ್ಕಿಂತ ಹೆದ್ದಾರಿಯ ದೊಡ್ಡ ಬಂಕಿನಲ್ಲಿ ರಾತ್ರಿ ಜನ ಕಡಿಮೆ. ನಿಮ್ಮ ದಾರಿಯಲ್ಲಿ ಹುಬ್ಬಳ್ಳಿಯವರೆಗೆ ಅಗಲವಾದ ಹೆದ್ದಾರಿ, ನಿಲ್ಲಿಸುವ ಜಾಗಕ್ಕೆ ಕೊರತೆಯಿಲ್ಲ. ಯಲ್ಲಾಪುರ ದಾಟಿದರೆ ಅರಬೈಲ್ ಘಟ್ಟ, ಬರೀ ತಿರುವು ಮತ್ತು ಕಾಡು. ಅಂಕೋಲಾದವರೆಗೆ ದೊಡ್ಡ ಬಸ್ ನಿಲ್ಲಿಸುವುದು ಕಷ್ಟ. ಯಲ್ಲಾಪುರದಲ್ಲೇ ಮುಗಿಸಿಕೊಳ್ಳಿ.

ಬೆಂಗಳೂರಿನಿಂದ ಇನ್ನೊಬ್ಬರು:

ಮೇಲಿನವರೆಲ್ಲ ಪ್ರಯಾಣ ದಾಟುವ ದಾರಿ ಹೇಳಿದ್ದಾರೆ. ತೊಂದರೆಯನ್ನೇ ಕಡಿಮೆ ಮಾಡಿಕೊಳ್ಳುವ ದಾರಿಯೂ ಇದೆ. ನಾನು ಎರಡು ವರ್ಷ ಮನೋಚಿಕಿತ್ಸಕರ ಬಳಿ ಹೋದೆ. ಚಿಕಿತ್ಸೆ ಎಂದರೆ ಮೆಟ್ಟಿಲು ಹತ್ತುವ ಅಭ್ಯಾಸ. ಚೆನ್ನಾಗಿ ನೀರು ಕುಡಿದು, ಮೂತ್ರ ಒತ್ತರಿಸಿದಾಗ ಮನೆಯ ಬಚ್ಚಲಿಗೆ ಹೋಗುವುದು, ನಂಬಿಕೆಯ ಒಬ್ಬರು ದೂರದ ಕೋಣೆಯಲ್ಲಿರುವುದು. ಸ್ವಲ್ಪ ಬಿಟ್ಟು ನಿಲ್ಲಿಸಿ ಹೊರಬರುವುದು. ಮುಂದಿನ ಸಲ ಅವರು ಪಡಸಾಲೆಗೆ, ಆಮೇಲೆ ಬಾಗಿಲ ಹೊರಗೆ ಬರುವುದು. ನನ್ನ ಜೊತೆ ನಿಂತದ್ದು ಅಣ್ಣ. ಎಷ್ಟೋ ಭಾನುವಾರಗಳ ಬೆಳಗ್ಗೆಯನ್ನು ಅವನು ನನಗಾಗಿ ಕೊಟ್ಟ. ಆರು ತಿಂಗಳಾದ ಮೇಲೆ ಮಾಲ್‌ನ ಖಾಲಿ ಮೂತ್ರಾಲಯ, ಆಮೇಲೆ ಎರಡು ಜಾಗ ಬಿಟ್ಟು ಒಬ್ಬರು ನಿಂತದ್ದು. ಇವತ್ತಿಗೂ ಸಿನಿಮಾ ಮಧ್ಯಂತರದ ನೂಕುನುಗ್ಗಲಿನಲ್ಲಿ ನನಗೆ ಆಗುವುದಿಲ್ಲ, ಬಸ್ ನಿಲ್ದಾಣದಲ್ಲಿ ಆಗುತ್ತದೆ. ಈ ತಿಂಗಳೊಳಗೆ ನೀವು ಮೊದಲ ಎರಡು ಮೆಟ್ಟಿಲು ಹತ್ತಬಹುದು.

ಉಸಿರು ಹಿಡಿಯುವ ಒಂದು ವಿಧಾನವನ್ನೂ ಕೆಲವರು ಬಳಸುತ್ತಾರೆ. ಸಹಜವಾಗಿ ಉಸಿರೆಳೆದು, ಮುಕ್ಕಾಲು ಭಾಗ ಹೊರಬಿಟ್ಟು, ಹಾಗೆಯೇ ತಡೆಹಿಡಿಯುವುದು. ಸುಮಾರು 45 ಸೆಕೆಂಡಿನ ಹೊತ್ತಿಗೆ ಕೆಳಹೊಟ್ಟೆಯ ತಳದ ಸ್ನಾಯು ತಾನಾಗಿ ಇಳಿದಂತಾಗಿ ಮೂತ್ರ ಬರುತ್ತದೆ. ಮೊದಲ ದಿನವೇ 45 ಸೆಕೆಂಡು ಹಿಡಿಯಲು ಹೋಗಬೇಡಿ, ಮನೆಯಲ್ಲಿ ಕುಳಿತು ಹತ್ತು ಸೆಕೆಂಡಿನಿಂದ ಶುರು ಮಾಡಿ. ಹೃದಯ, ಶ್ವಾಸಕೋಶ, ರಕ್ತದೊತ್ತಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ನನಗೆ ಇದು ಒಗ್ಗಲಿಲ್ಲ, ಗಾಬರಿ ಹೆಚ್ಚಾಯಿತು. ನನ್ನ ಗೆಳೆಯನಿಗೆ ಒಗ್ಗಿದೆ.

ಯಾರ ಬಳಿ ಹೋಗುವುದೆಂದು ತಿಳಿಯದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು, ಹೊತ್ತಿನ ನಿರ್ಬಂಧವಿಲ್ಲ. ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಹೀಗೆ ಮುಖ ಕಾಣದ ಒಬ್ಬರಿಗೆ ಫೋನಿನಲ್ಲಿಯೇ.

ಶಿವಮೊಗ್ಗದಿಂದ, ಶುಶ್ರೂಷಾಧಿಕಾರಿ:

ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳುತ್ತೇನೆ. ಘಟ್ಟದ ದಾರಿಗೆಂದು ವಾಂತಿ ತಡೆಯುವ ಮಾತ್ರೆ, ನೆಗಡಿಗೆಂದು ಮೂಗು ಕಟ್ಟುವುದನ್ನು ಬಿಡಿಸುವ ಮಾತ್ರೆ ನುಂಗುವ ರೂಢಿ ಎಲ್ಲರಲ್ಲೂ ಇದೆ. ಇವುಗಳಲ್ಲಿ ಕೆಲವು ಮೂತ್ರ ಕಟ್ಟುವಂತೆ ಮಾಡುತ್ತವೆ. ಔಷಧ ಅಂಗಡಿಯವರನ್ನು ಕೇಳಿಯೇ ತೆಗೆದುಕೊಳ್ಳಿ.

ಹೊಟ್ಟೆಯ ಕೆಳಭಾಗ ಬಿಗಿದು ಉಬ್ಬಿ, ನೋವು ಏರುತ್ತಾ, ಒಬ್ಬರೇ ಇರುವ ಶೌಚಾಲಯ ಸಿಕ್ಕಿದರೂ ಮೂತ್ರ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ದಾರಿಯಲ್ಲಿ ಸಿಗುವ ಯಾವ ಆಸ್ಪತ್ರೆಗಾದರೂ ಹೋಗಿ. ಕ್ಯಾಥೆಟರ್ ಎಂಬ ತೆಳುವಾದ ನಳಿಕೆಯಿಂದ ಕೆಲವೇ ನಿಮಿಷಗಳಲ್ಲಿ ಖಾಲಿ ಮಾಡುತ್ತೇವೆ. ರಾತ್ರಿಪಾಳಿಯಲ್ಲಿ ಇಂಥವರು ಬಂದಾಗ ನಾವು ಯಾರೂ ನಗುವುದಿಲ್ಲ. ತೊಂದರೆ ಬಹಳ ತೀವ್ರವಾಗಿರುವ ಕೆಲವರು ವೈದ್ಯರಿಂದ ಕಲಿತು ಅದನ್ನು ತಾವೇ ಹಾಕಿಕೊಳ್ಳುತ್ತಾರೆ. ಕಲಿಯದೆ ಯಾರೂ ಪ್ರಯತ್ನಿಸಬೇಡಿ.

ಕೇಳಿದವರು:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಮದುಮಗನ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣಾ, ಹಾಸ್ಟೆಲಿನಲ್ಲಿ ನನಗೂ ಒಂದು ವರ್ಷ ಹೀಗೆಯೇ ಆಗುತ್ತಿತ್ತು" ಎಂದ. ಅವನ ಪಕ್ಕದಲ್ಲೇ ನನ್ನ ಸೀಟು ಇರಲಿ ಎಂದು ಮಾತಾಗಿದೆ. ರೈಲು ಈ ಸಲ ಆಗುವುದಿಲ್ಲ, ಅಜ್ಜಿಗೆ ಬಸ್ಸೇ ಬೇಕಂತೆ. ಒಂದೇ ಒಂದು ಸಂಶಯ: ಒಳಗೆ ಇರುವಾಗ ಯಾರಾದರೂ ಬಾಗಿಲು ಬಡಿದರೆ ನನಗೆ ಅಲ್ಲಿಗೇ ಎಲ್ಲ ನಿಂತುಹೋಗುತ್ತದೆ. ಆಗ ಏನು ಮಾಡುತ್ತೀರಿ?

ದಾವಣಗೆರೆಯವರು:

ಬಡಿದ ಕೂಡಲೇ ಗಟ್ಟಿಯಾಗಿ ಮಾತನಾಡು. "ಹೊಟ್ಟೆ ಸರಿಯಿಲ್ಲ, ತಡವಾಗುತ್ತದೆ, ಪಕ್ಕದ್ದಕ್ಕೆ ಹೋಗಿ" ಎನ್ನು. ಹೊಟ್ಟೆ ಕೆಟ್ಟವರನ್ನು ನಮ್ಮ ಜನ ಅವಸರಪಡಿಸುವುದಿಲ್ಲ. ಗಟ್ಟಿಯಾಗಿ ಹೇಳುವುದರಲ್ಲಿ ಹಿಡಿದಿಟ್ಟ ಉಸಿರೂ ಹೊರಬರುತ್ತದೆ, ಭುಜ ಇಳಿಯುತ್ತದೆ. ಆಮೇಲೆ ಮೂತ್ರದ ಯೋಚನೆ ಬಿಟ್ಟು ಮನಸ್ಸಿನಲ್ಲೇ ಏನಾದರೂ ಎಣಿಸು. ನಾನು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ, ಹದಿನೇಳು ಎಂಟಲೆಗೆ ತಲೆ ಓಡಿಸಲೇಬೇಕಾಗುತ್ತದೆ. ಐದು ನಿಮಿಷವಾದರೂ ಬರದಿದ್ದರೆ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದಾಡಿ ಮತ್ತೆ ಹೋಗು. ಆ ನಿಲುಗಡೆಯಲ್ಲಿ ಆಗದಿದ್ದರೆ ಮುಂದಿನದರಲ್ಲಿ ಆಗುತ್ತದೆ, ಚಾಲಕರಿಗೆ ಹೇಳಿರುತ್ತೀಯಲ್ಲ.

ಛತ್ರ ತಲುಪಿದ ಮೇಲೂ ಒಂದು ಕೆಲಸವಿದೆ. ಎಲ್ಲರೂ ಸ್ನಾನಕ್ಕೆ ನಿಲ್ಲುವ ಹೊತ್ತಿನಲ್ಲಿ ಶೌಚಾಲಯಗಳ ಮುಂದೆ ಜಾತ್ರೆಯಾಗಿರುತ್ತದೆ. ವರನ ಕೋಣೆಗೆ ಅದರದೇ ಬಚ್ಚಲು ಇರುತ್ತದೆ. ಅದರ ಕೀಲಿಕೈ ಆ ಹುಡುಗನ ಬಳಿಯೇ ಇರಲಿ, ಬಸ್ ಇಳಿದ ತಕ್ಷಣ ನೀವಿಬ್ಬರೂ ಮೊದಲು ಅಲ್ಲಿಗೆ ಹೋಗಿ.