ಕಸೂತಿ, ತಕಲಿ, ಕಾಗದದ ಪೆಟ್ಟಿಗೆ: ಮೂರನ್ನೂ ಒಟ್ಟಿಗೆ ಹಿಡಿದಿದ್ದೇನೆ, ಒಂದೂ ಮುಗಿಯುತ್ತಿಲ್ಲ

ನೂಲೆಳೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ತಂಗಿಯ ಸೀಮಂತಕ್ಕೆ ಇನ್ನು 7 ವಾರ ಇದೆ. ಅವಳಿಗೆ ಕಪ್ಪು ಹತ್ತಿ ಬಟ್ಟೆಯ ಮೇಲೆ ಕಸೂತಿ ಹಾಕಿ ರವಿಕೆ ಕೊಡಬೇಕು ಅಂತ ಶುರು ಮಾಡಿದ್ದೇನೆ. ತೋಳಿಗೆ ಗೋಪುರ, ಬೆನ್ನಿಗೆ ತೊಟ್ಟಿಲು. ಬರುವವರಿಗೆ ಕೊಡಲು ಕಾಗದದ ಪುಟ್ಟ ಪೆಟ್ಟಿಗೆಗಳನ್ನೂ ನಾನೇ ಮಾಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. 40 ಬೇಕು. ಪ್ರತಿ ಮುಚ್ಚಳದ ಮೇಲೂ ಕ್ವಿಲ್ಲಿಂಗ್ ಹೂವು, ಅಂದರೆ ಕಾಗದದ ಸಣ್ಣ ಪಟ್ಟಿ ಸುತ್ತಿ ಮಾಡುವ ಹೂವು. ಇವೆರಡರ ಜೊತೆಗೆ ತಕಲಿ, ಅಂದರೆ ಕೈಯಲ್ಲಿ ತಿರುಗಿಸಿ ಹತ್ತಿ ನೂಲುವ ಪುಟ್ಟ ಕಡ್ಡಿ. ಅದಕ್ಕೂ ಸೀಮಂತಕ್ಕೂ ಸಂಬಂಧ ಇಲ್ಲ, ಈ ವರ್ಷ ಕಲಿತದ್ದು, ದಿನಾ ಸ್ವಲ್ಪ ಹೊತ್ತು ನೂತರೆ ಮನಸ್ಸು ತಿಳಿಯಾಗುತ್ತದೆ, ಹಾಗಾಗಿ ಬಿಡಲು ಇಷ್ಟ ಇಲ್ಲ.

ಕೆಲಸ, ಮಗು, ಅಡುಗೆ ಎಲ್ಲ ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಅರ್ಧ ಗಂಟೆ ಸಿಗುತ್ತದೆ ಅಷ್ಟೆ. ಕಸೂತಿ ಕೈಗೆ ತೆಗೆದುಕೊಂಡರೆ ಎಲ್ಲಿ ಬಿಟ್ಟಿದ್ದೆ, ಯಾವ ಎಳೆ ಎಣಿಸಿದ್ದೆ ಅಂತ ಹುಡುಕುವುದರಲ್ಲೇ 10 ನಿಮಿಷ ಹೋಗುತ್ತದೆ. ಹೋದ ವಾರ ಒಂದು ಗೋಪುರ ಪೂರ್ತಿ ಬಿಚ್ಚಿದೆ, ತುಂಬಾ ಬೇಜಾರಾಯಿತು. ಪೆಟ್ಟಿಗೆಯ ಮುಚ್ಚಳಗಳು ಈ ಮಳೆಗೆ ಸೊಟ್ಟಗಾಗುತ್ತಿವೆ. ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಒಂದನ್ನು ಹಿಡಿ, ಮುಗಿಸು, ಆಮೇಲೆ ಇನ್ನೊಂದು. ನೀವೆಲ್ಲ ಹಾಗೇ ಮಾಡುತ್ತೀರಾ?

ಇನ್ನೊಂದು ಆಸೆ ಇದೆ. ನಾನೇ ನೂತ ನೂಲಿನಲ್ಲಿ ತಂಗಿಯ ರವಿಕೆಗೆ ಕಸೂತಿ ಹಾಕಬಹುದಾ?

ಗವಂತಿಅಕ್ಕ

ತಂಗೀ, ನಾನು ಧಾರವಾಡದವಳು. ಕಸೂತಿ ಹಾಕಲು ಶುರು ಮಾಡಿ 30 ವರ್ಷದ ಮೇಲಾಯಿತು. ಒಂದನ್ನು ಮುಗಿಸಿಯೇ ಇನ್ನೊಂದು ಅನ್ನುವುದು ನನ್ನ ಕೈಲಂತೂ ಆಗಿಲ್ಲ. ನಿನ್ನ ತೊಂದರೆ ಮೂರು ಕೆಲಸ ಇರುವುದಲ್ಲ. ಕಸೂತಿಯನ್ನು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿ ಎದ್ದು ಹೋಗುತ್ತಿದ್ದೀಯ.

ಗೋಪುರ ಹಾಕುತ್ತಿರುವುದು ಗವಂತಿಯಲ್ಲಿ ಅಲ್ವಾ? ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಖಾಲಿ ಬಿಟ್ಟ ಜಾಗ ವಾಪಸ್ ಬರುವಾಗ ತುಂಬುತ್ತದೆ. ಅದಕ್ಕೇ ಬಟ್ಟೆಯ ಎರಡೂ ಕಡೆ ಒಂದೇ ರೀತಿ ಕಾಣುವುದು, ಎಲ್ಲೂ ಗಂಟು ಇಲ್ಲದಿರುವುದು. ಹೋಗುವ ದಾರಿಯಲ್ಲಿ ಅರ್ಧಕ್ಕೆ ಬಿಟ್ಟು ಎದ್ದೆ ಅಂದರೆ, ಎರಡು ದಿನ ಬಿಟ್ಟು ನೋಡುವಾಗ ಅದು ಬರೀ ತುಂಡು ತುಂಡು ಗೆರೆ. ಯಾವುದು ಹೋದದ್ದು, ಯಾವುದು ಬಂದದ್ದು ಅಂತ ಹಾಕಿದವರಿಗೇ ಗೊತ್ತಾಗುವುದಿಲ್ಲ. ಅದಕ್ಕೆ ಕವಲು ಬಂದಲ್ಲಿ ಅದರ ತುದಿವರೆಗೆ ಹೋಗು, ತುಂಬಿಕೊಂಡು ಬುಡಕ್ಕೆ ಮರಳಿ ಬಾ, ಆಮೇಲೆ ಮುಂದಕ್ಕೆ ಹೋಗು. ಏಳುವುದಿದ್ದರೆ ಹೀಗೆ ಬುಡಕ್ಕೆ ಬಂದಾಗ ಮಾತ್ರ ಏಳು. ಮಗು ಅತ್ತಿತು, ನಡುವೆಯೇ ಏಳಬೇಕಾಯಿತು ಅಂದರೆ ಸೂಜಿ ಅಲ್ಲೇ ಇರಲಿ, ಎಲ್ಲಿಗೆ ವಾಪಸ್ ಬರಬೇಕೋ ಆ ಜಾಗಕ್ಕೆ ಬೇರೆ ಬಣ್ಣದ ದಾರದ ಒಂದು ಸಡಿಲ ಹೊಲಿಗೆ ಹಾಕಿಟ್ಟು ಹೋಗು. ಬಂದ ಮೇಲೆ ತೆಗೆದರಾಯಿತು.

ಮುರ್ಗಿಗೂ ಇದೇ ಮಾತು, ಅದೂ ಹೋಗಿ ಬರುವ ಹೊಲಿಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ನೇಗಿ ಹಾಗಲ್ಲ. ನೇಯ್ದ ಹಾಗೆ ಸಾಲು ಸಾಲಾಗಿ ಹೋಗುತ್ತದೆ, ಸಾಲು ಮುಗಿದಲ್ಲಿ ನಿಲ್ಲಿಸಬಹುದು. ಸಣ್ಣ ಸಣ್ಣ ಬಿಡುವಿಗೆ ನೇಗಿ ಅಂಚು ಇಟ್ಟುಕೋ. ಗವಂತಿ, ಮುರ್ಗಿ, ಮೆಂತೆ (ಗುಣಿಸು ಚಿಹ್ನೆಯಂಥ ಹೊಲಿಗೆ) ಕೂಡುವ ದೊಡ್ಡ ಚಿತ್ತಾರವನ್ನು ಭಾನುವಾರದ ಹಗಲಿಗೆ ಬಿಡು. ಕಪ್ಪು ಬಟ್ಟೆ ಬೇರೆ, ರಾತ್ರಿ ದೀಪದಲ್ಲಿ ಎಳೆ ಎಣಿಸಬೇಡ, ಕಣ್ಣು ಹಾಳು. ತೊಡೆಯ ಮೇಲೆ ಒಂದು ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಕಪ್ಪು ಬಟ್ಟೆ ಹಿಡಿ. ಎಳೆಗಳ ನಡುವಿನ ಸಂದು ಬೆಳ್ಳಗೆ ಕಾಣುತ್ತದೆ.

ನೂತ ನೂಲಿನ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಈ ರವಿಕೆಗೆ ಬೇಡ. ಕಲಿಯುವಾಗಿನ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಸೂತಿಯಲ್ಲಿ ಪ್ರತಿ ಹೊಲಿಗೆಯೂ ಒಂದೇ ಅಳತೆ, ಒಂದೇ ತುಂಬು ಇರಬೇಕು. ಮತ್ತೆ ಮತ್ತೆ ಬಟ್ಟೆಯೊಳಗೆ ಎಳೆದಾಗ ನೂಲಿನ ಮೈ ಜುಂಗು ಜುಂಗಾಗಿ ಎದ್ದು ಕಡೆಗೆ ತುಂಡಾಗುತ್ತದೆ. ನಿನ್ನ ನೂಲನ್ನು ಮೊದಲು ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಮೇಲೆ ಹಾಕಿ ನೋಡು, ದಾರ ಒಂದು ಮೊಳಕ್ಕಿಂತ ಉದ್ದ ಬೇಡ.

ಕಾಗದದೋಣಿ

ಪೆಟ್ಟಿಗೆ ಬಗ್ಗೆ ನಾನು ಹೇಳುತ್ತೇನೆ. ಹೋದ ವರ್ಷ ಒಂದು ಗೃಹಪ್ರವೇಶಕ್ಕೆ 60 ಮಾಡಿ ಕೊಟ್ಟಿದ್ದೆ.

ಮೊದಲು ಲೆಕ್ಕ ಹಾಕಿ. ಒಂದು ಹೂವಿಗೆ 6 ಎಸಳು ಅಂದರೆ 40 ಪೆಟ್ಟಿಗೆಗೆ 240 ಎಸಳು. ಸುತ್ತಿ, ಚಿವುಟಿ, ಅಂಟಿಸಲು ಒಂದಕ್ಕೆ 2 ನಿಮಿಷ ಹಿಡಿದರೂ 8 ಗಂಟೆ. ನಿಮ್ಮ ಲೆಕ್ಕದಲ್ಲಿ 16 ಅರ್ಧ ಗಂಟೆ, ಬರೀ ಎಸಳಿಗೆ! ಪೆಟ್ಟಿಗೆ ಬೇರೆ. ಪ್ರೀತಿಯಿಂದ ಮಾಡುತ್ತಿದ್ದೀರಿ, ಗೊತ್ತು. ಆದರೂ ಹೂವನ್ನು 3 ಎಸಳಿಗೆ ಇಳಿಸಿ, ಅಥವಾ ಒಂದೇ ಮಾವಿನ ಮಿಡಿ ಆಕಾರ ಸಾಕು. ನೋಡಲು ಚೆನ್ನಾಗಿಯೇ ಇರುತ್ತದೆ.

ಮುಚ್ಚಳ ಸೊಟ್ಟಗಾಗುವುದಕ್ಕೆ ಮಳೆಯೊಂದೇ ಕಾರಣ ಅಲ್ಲ. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಮಡಚದೆ ಸುಮ್ನೆ ಎರಡೂ ಕಡೆಗೆ ಬಗ್ಗಿಸಿ ನೋಡಿ, ಒಂದು ಕಡೆಗೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ಕಡೆಗೆ ಹಠ ಮಾಡುತ್ತದೆ. ಸಲೀಸಾಗಿ ಬಗ್ಗಿದಾಗ ಮಡಿಕೆಯ ಗೆರೆ ನಾರಿನ ಉದ್ದಕ್ಕೇ ಬಂದಿದೆ ಅಂತ ಅರ್ಥ. ಪೆಟ್ಟಿಗೆಗೆ ನಾಲ್ಕೂ ಕಡೆ ಮಡಿಕೆ ಬೇಕು, ಹಾಗಾಗಿ ಎರಡು ಮಡಿಕೆ ನಾರಿಗೆ ಅಡ್ಡ ಬಂದೇ ಬರುತ್ತವೆ. ಆ ಎರಡನ್ನು ಮಡಚುವ ಮೊದಲು ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ, ಇಲ್ಲವಾದರೆ ಬಿರುಕು ಬಿಡುತ್ತದೆ. 40 ಹಾಳೆಯನ್ನೂ ನಾರು ಒಂದೇ ದಿಕ್ಕಿಗೆ ಬರುವ ಹಾಗೆ ಕತ್ತರಿಸಿ. ಕ್ವಿಲ್ಲಿಂಗ್ ಪಟ್ಟಿಗೆ 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಸರಿ, ಪೆಟ್ಟಿಗೆಗೆ 250ರಿಂದ 300 ಇರಲಿ. ಅಂಟು ತೆಳ್ಳಗೆ ಹಚ್ಚಿ, ಜಾಸ್ತಿ ಹಚ್ಚಿದರೆ ಅದರ ನೀರಿಗೇ ಹಾಳೆ ಸೊಟ್ಟಗಾಗುತ್ತದೆ.

ಒಂದು ಪೆಟ್ಟಿಗೆಯನ್ನು ಮೊದಲು ಕೊನೆವರೆಗೂ ಮಾಡಿ, ಒಳಗೆ ಹಾಕುವ ವಸ್ತು ಇಟ್ಟು ಮುಚ್ಚಿ ನೋಡಿ. ಸರಿ ಬಂತು ಅಂದಮೇಲೆ ಒಂದು ದಿನ ಬರೀ ಕತ್ತರಿಸುವುದು, ಒಂದು ದಿನ ಬರೀ ಗೆರೆ ಎಳೆಯುವುದು, ಹೀಗೆ. ಅಂಟಿಸುವುದು ಮಾತ್ರ ರಾತ್ರಿ ಮಲಗುವ ಮೊದಲು. ಅಂಟಿಸಿ, ಮೇಲೆ ದಪ್ಪ ಪುಸ್ತಕ ಹೇರಿ, ಮಲಗಿಬಿಡಿ. ಒಣಗಲು ನೀವು ಕಾಯುತ್ತಾ ಕೂರಬೇಕಿಲ್ಲ. ಆದ ಪೆಟ್ಟಿಗೆಗಳನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ.

ಹಳೆಮೇಷ್ಟ್ರು

ತಕಲಿ ಹಿಡಿದವರು ಇನ್ನೂ ಇದ್ದಾರೆ ಅಂತ ಓದಿ ಬಹಳ ಸಂತೋಷವಾಯಿತಮ್ಮ. ನಾವು ಪ್ರಾಥಮಿಕ ಶಾಲೆಯಲ್ಲಿ ಸಾಲಾಗಿ ಕೂತು ನೂಲುತ್ತಿದ್ದೆವು. ಬೆರಳು ಜಾರದಿರಲಿ ಅಂತ ಸೀಮೆಸುಣ್ಣದ ಪುಡಿ ಸವರಿಕೊಳ್ಳುತ್ತಿದ್ದೆವು.

ನಿಮ್ಮ ಮೂರು ಕೆಲಸಗಳಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ್ದು ತಕಲಿ ಒಂದೇ. ಎಳೆಯನ್ನು ಕಡ್ಡಿಗೆ ಸುತ್ತಿ, ಮೇಲಿನ ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು. ಹಾಲು ಉಕ್ಕುವವರೆಗೂ ನೂಲಬಹುದು. ಅದಕ್ಕಾಗಿ ಇದಕ್ಕೆ ಬೇರೆ ಸಮಯ ತೆಗೆದಿಡಬೇಡಿ. ಮಳೆಗಾಲ ಕಾಗದಕ್ಕೆ ಶತ್ರು, ಹತ್ತಿಗೆ ಗೆಳೆಯ. ಗಾಳಿಯಲ್ಲಿ ತೇವ ಇದ್ದರೆ ಎಳೆ ಸುಲಭಕ್ಕೆ ಕಡಿಯುವುದಿಲ್ಲ, ಬೇಸಿಗೆಯಲ್ಲಿ ಚಟಪಟ ಕಡಿಯುತ್ತದೆ. ಹಂಜಿ, ಅಂದರೆ ನೂಲಲು ಸುತ್ತಿಟ್ಟ ಅರಳೆ, ಯಾವ ಹತ್ತಿಯದು ಅಂತ ಕೇಳಿಕೊಳ್ಳಿ. ನಮ್ಮ ಜಯಧರದಂಥ ನಾಟಿ ಹತ್ತಿಯ ಎಳೆ ಗಿಡ್ಡ, ಹುರಿ ಜಾಸ್ತಿ ಕೊಡಬೇಕು.

ಒಂದು ಎಚ್ಚರಿಕೆ. ನೂತು ಎದ್ದ ತಕ್ಷಣ ಕಪ್ಪು ಬಟ್ಟೆ ಮುಟ್ಟಬೇಡಿ. ಸೀರೆಯ ಮೇಲೆ, ಕೈ ಮೇಲೆ ಕೂತ ಅರಳೆಯ ತುಣುಕೆಲ್ಲ ಅದಕ್ಕೆ ಅಂಟುತ್ತದೆ, ಎಳೆ ಎಣಿಸುವವರಿಗೆ ಅದು ದೊಡ್ಡ ಕಾಟ.

ಕಸೂತಿಗೆ ನೂತ ನೂಲು ಬೇಡ ಅಂತ ಅಕ್ಕ ಹೇಳಿದ್ದು ಸರಿ. ಆದರೆ ನಿಮ್ಮ ನೂಲು ಸೀಮಂತಕ್ಕೆ ಬರಲೇಬಾರದು ಅಂತೇನಿಲ್ಲವಲ್ಲ. ಪೆಟ್ಟಿಗೆಗಳನ್ನು ಅದರಲ್ಲೇ ಕಟ್ಟಿ! ಒಂದಕ್ಕೆ 60 ಸೆಂಟಿಮೀಟರ್ ಅಂದರೆ 40ಕ್ಕೆ 24 ಮೀಟರ್. ಎರಡೆಳೆ ಸೇರಿಸಿ ಹುರಿ ಮಾಡಬೇಕು, ಅಂದರೆ ನೂಲುವುದು 48 ಮೀಟರ್, ಹುರಿಯಲ್ಲಿ ಕುಗ್ಗುವುದು, ಕಡಿದದ್ದು, ಗಂಟು ಬಿದ್ದದ್ದು ಸೇರಿ 55 ಇರಲಿ. ತಕಲಿಗೆ ಇದು ಭಾರವೇನಲ್ಲ. ನೂಲುವಾಗ ತಕಲಿ ತಿರುಗಿದ ದಿಕ್ಕಿಗೆ ಉಲ್ಟಾ ತಿರುಗಿಸಿ ಹುರಿ ಮಾಡಿ. ಆಮೇಲೆ ದೊಡ್ಡ ಬಳೆಯ ಹಾಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಸ್ವಲ್ಪ ಸೋಪು ಹಾಕಿದ ನೀರಿನಲ್ಲಿ ಕುದಿಸಿ ಒಣಗಿಸಿ. ಹುರಿ ಕೂರುತ್ತದೆ, ಸುರುಳಿ ಸುತ್ತಿಕೊಳ್ಳುವುದಿಲ್ಲ. ದಪ್ಪ ತೆಳುವಾದರೂ ದಾರವಾಗಿ ನೋಡುವಾಗ ಅದೇ ಅಂದ.

ದೂರದೂರು

ನಾನು ಇರುವುದು ಮಿನಿಯಾಪೊಲಿಸ್‌ನಲ್ಲಿ. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ, ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿದರೆ ಗಾಳಿ ಎಷ್ಟು ಒಣಗುತ್ತದೆ ಅಂದರೆ ಹತ್ತಿ ನೂಲುವುದನ್ನೇ ಬಿಟ್ಟು ಮಾರ್ಚ್ ತನಕ ಉಣ್ಣೆ ಹಿಡಿಯುತ್ತೇನೆ.

ಒಂದು ವಿಷಯ ಯಾರೂ ಕೇಳಲಿಲ್ಲ. ರವಿಕೆ ಟೈಲರ್‌ಗೆ ಯಾವಾಗ ಕೊಡುತ್ತೀರಿ? ಕಸೂತಿ ಹಾಕುವುದು ಕತ್ತರಿಸುವ ಮೊದಲು ತಾನೇ? ಹೊಲಿಯಲು 2 ವಾರ ಬಿಟ್ಟರೆ ನಿಮ್ಮ ಹತ್ತಿರ ಇರುವುದು 7 ವಾರ ಅಲ್ಲ, 5. ನನ್ನ ಅಕ್ಕನಿಗೆ ಮಾಡಿದಾಗ ನಾನು ಈ ತಪ್ಪು ಮಾಡಿದೆ. ತೋಳಿನ ಗುರುತು ಹಾಕಿಸಿಕೊಂಡಿರಲಿಲ್ಲ, ಟೈಲರ್ ಕತ್ತರಿಸಿದಾಗ ಒಂದು ಸಾಲು ನವಿಲು ಹೊಲಿಗೆಯೊಳಗೆ ಹೋಯಿತು. ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ಗವಂತಿಅಕ್ಕ

ಒಳ್ಳೆಯದನ್ನು ನೆನಪಿಸಿದಿರಿ. ತಂಗೀ, ಈಗಲೇ ಟೈಲರ್ ಹತ್ತಿರ ಹೋಗಿ ಎರಡೂ ತೋಳು, ಬೆನ್ನು ಎಲ್ಲಿ ಬರುತ್ತವೆ ಅಂತ ಬಟ್ಟೆಯ ಮೇಲೆ ಗುರುತು ಹಾಕಿಸು. ಕತ್ತರಿಸುವುದು ಬೇಡ, ಉದ್ದ ಉದ್ದ ಕಚ್ಚಾ ಹೊಲಿಗೆ ಹಾಕಿದರೆ ಸಾಕು. ಬಸುರಿಯ ರವಿಕೆ, ಸೀಮಂತದ ಹೊತ್ತಿಗೆ ಅಳತೆ ಬದಲಾಗುತ್ತದೆ, ಪಕ್ಕದಲ್ಲಿ ಬಿಚ್ಚಿ ಅಗಲ ಮಾಡುವಷ್ಟು ಬಟ್ಟೆ ಬಿಡಿಸು, ಆ ಜಾಗದಲ್ಲಿ ಕಸೂತಿ ತರಬೇಡ. 5 ವಾರಕ್ಕೆ ಬೆನ್ನಿನ ದೊಡ್ಡ ತೊಟ್ಟಿಲು ಕಷ್ಟ. ತೊಟ್ಟಿಲನ್ನೇ ಸಣ್ಣದು ಮಾಡಿ ಎರಡು ತೋಳಿಗೆ ಹಾಕು, ಕೆಳಗೆ ನೇಗಿ ಅಂಚು. ಸೀಮಂತಕ್ಕೆ ಗೋಪುರಕ್ಕಿಂತ ತೊಟ್ಟಿಲೇ ಚೆಂದ. ಗೋಪುರ ಬಿಚ್ಚಿದ್ದೂ ಒಳ್ಳೆಯದೇ ಆಯಿತು ಅನ್ನು.

ನೂಲೆಳೆ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಟೈಲರ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ, ಓದಿ ಎದೆ ಧಸಕ್ಕೆಂದಿತು.

ನಿನ್ನೆ ಒಂದು ಪೆಟ್ಟಿಗೆ ಕೊನೆವರೆಗೂ ಮಾಡಿದೆ. ಹಾಳೆ ಬಗ್ಗಿಸಿ ನೋಡಿದರೆ ನಿಜವಾಗಲೂ ಒಂದು ಕಡೆಗೆ ಹಠ ಮಾಡುತ್ತದೆ, ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಹೂವು ಬಿಟ್ಟೆ, ಒಂದೇ ಮಾವಿನ ಮಿಡಿ ಅಂಟಿಸಿದೆ. ತಕಲಿಯ ಮೇಲೆ ಮೊದಲೇ ಇದ್ದ ನೂಲನ್ನು ಎರಡೆಳೆ ಮಾಡಿ ಕುದಿಸಿ ಒಣಗಿಸಿ ಕಟ್ಟಿದೆ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎಸಳು ಸುತ್ತುವ ಕೆಲಸ ನನಗೂ ಕೊಡು ಅಂದರು, ಎಸಳು ಇಲ್ಲಮ್ಮ ಮಾವಿನ ಮಿಡಿ ಅಂತ ಹೇಳಿ 40 ಪಟ್ಟಿ ಕೊಟ್ಟಿದ್ದೇನೆ.

ರವಿಕೆ ಬಟ್ಟೆಯನ್ನು ಸೋಮವಾರ ಟೈಲರ್ ಹತ್ತಿರ ತೆಗೆದುಕೊಂಡು ಹೋಗುತ್ತೇನೆ. ಅಕ್ಕಾ, ಸಣ್ಣ ತೊಟ್ಟಿಲಿಗೆ ಅಗಲ ಎಷ್ಟು ಎಳೆ ಇಟ್ಟುಕೊಳ್ಳಲಿ?

ಗವಂತಿಅಕ್ಕ

ಎಳೆ ಲೆಕ್ಕ ಬಟ್ಟೆ ನೋಡದೆ ಹೇಳಲಾಗದು. ಟೈಲರ್ ಗುರುತು ಹಾಕಿದ ಮೇಲೆ ತೋಳಿನ ಅಗಲಕ್ಕೆ ಒಟ್ಟು ಎಷ್ಟು ಎಳೆ ಬರುತ್ತದೆ ಎಣಿಸು, ನಟ್ಟನಡುವಿನ ಎಳೆಗೆ ಗುರುತು ಹಾಕು, ಅಲ್ಲಿಂದಲೇ ತೊಟ್ಟಿಲು ಶುರು ಮಾಡು. ಎಣಿಸಿದ್ದನ್ನು ಇಲ್ಲಿ ಬರೆ, ಚೌಕಳಿ ಹಾಳೆಯ ಮೇಲೆ ಬಿಡಿಸಿ ಕಳಿಸುತ್ತೇನೆ.